ಹತ್ತುವಾಗ ಒಬ್ಬರು, ಇಳಿಯುವಾಗ ಇನ್ನೊಬ್ಬರು

ಯಲಹಂಕ
ಏಪ್ರಿಲ್ 1965

ಪರಮ ಗೌರವಾನ್ವಿತ ಎ ಮೈನರ್ ಸ್ಕೇಲ್ ಅವರಿಗೆ,

ಮಾನ್ಯರೇ, ಪಾಶ್ಚಾತ್ಯ ಸಂಗೀತದ ಸ್ವರಶ್ರೇಣಿಯಾದ ತಾವು ತಮ್ಮ ಮೂರು ರೂಪಗಳಲ್ಲೂ ಕ್ಷೇಮವಾಗಿರುವಿರೆಂದು ನಂಬಿ, ಈ ಅರಿಕೆಯನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಹನ್ನೊಂದು ವರ್ಷಗಳಿಂದ ಇಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹಾಡು ಕಲಿಸುತ್ತಿರುವ ನಾನು ಪಾಶ್ಚಾತ್ಯ ಸಂಗೀತದ ಥಿಯರಿ ಪರೀಕ್ಷೆ ಪಾಸಾಗದಿದ್ದರೆ ಜೂನ್‌ನಿಂದ ಆ ಕೆಲಸದಲ್ಲಿರುವಂತಿಲ್ಲ ಎಂದು ಹೊಸ ಹೆಡ್‌ಮಿಸ್ಟ್ರೆಸ್ ತಿಳಿಸಿದ್ದರಿಂದ, ನಲವತ್ತಮೂರರ ವಯಸ್ಸಿನಲ್ಲಿ, ಲಂಗ ಉಟ್ಟ ಹುಡುಗಿಯರ ನಡುವೆ ಕೂತು ತಮ್ಮನ್ನು ಬರೆದೆ. ತಪ್ಪು ಬರೆದೆ.

ತಮ್ಮ ಸರಳತೆಯನ್ನು ಮೊದಲು ಹೊಗಳಬೇಕು. ಸಾಲಿನ ಆರಂಭದಲ್ಲಿ ತಾವು ಒಂದೂ ಶಾರ್ಪ್ ತೊಡದೆ, ಸಿ ಮೇಜರ್ ಅವರಷ್ಟೇ ನಿರಾಡಂಬರವಾಗಿ ನಿಂತಿರುತ್ತೀರಿ. ಹಾರ್ಮೋನಿಯಂನ ಬಿಳಿ ಕೀಗಳ ಮೇಲೆಯೇ ನಡೆದು ಮುಗಿಯುವ ಆ ರೂಪ ನಮ್ಮ ಕರ್ನಾಟಕ ಸಂಗೀತದ ನಠಭೈರವಿ ರಾಗ. ಆಮೇಲೆ ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದೆ ದಿನವೂ ಊಟಕ್ಕೆ ಕೂರುವ ನೆಂಟನಂತೆ ಜಿ ಶಾರ್ಪ್ ಎಂಬ ಕಪ್ಪು ಕೀ ಬಂದು ಸೇರಿಕೊಂಡು, ತಾವು ಕೀರವಾಣಿಯಾಗುತ್ತೀರಿ. ಅಷ್ಟಕ್ಕೂ ತೃಪ್ತಿಯಾಗದೆ, ಮೆಲೋಡಿಕ್ ಎಂಬ ಮೂರನೆಯ ರೂಪದಲ್ಲಿ ಗೌರಿಮನೋಹರಿಯಾಗಿ ಹತ್ತಿ, ನಠಭೈರವಿಯಾಗಿ ಇಳಿಯುತ್ತೀರಿ. ನಾನು ಮನೆಯಲ್ಲಿ ಇದನ್ನು ಅಭ್ಯಾಸ ಮಾಡುವುದನ್ನು ಕೇಳಿದ ನಮ್ಮತ್ತೆ ದೊಡ್ಡಮುನಿಯಮ್ಮನವರು, "ಅಲ್ಲ ಕಣಮ್ಮಿ, ಅತ್ತೋವಾಗ ಉಟ್ಟಿದ್ ಸೀರೆ ಇಳ್ಯೋವಾಗ ಬದಲಾಯ್ಸಿದ್ರೆ ಅವ್ಳನ್ನ ಯಾರ್ ಗುರ್ತು ಇಡೀತಾರೆ" ಎಂದರು.

ಪರೀಕ್ಷೆಯಲ್ಲಿ ಕೇಳಿದ್ದು ಮೆಲೋಡಿಕ್ ರೂಪವನ್ನೇ. ಪೆನ್ಸಿಲನ್ನು ನಂಬದೆ, ಚಿಕ್ಕಂದಿನ ರೂಢಿಯಂತೆ ತೊಡೆಯ ಮೇಲೆ ತಾಳ ಹಾಕಿಕೊಂಡು ಮೆಲ್ಲಗೆ ಹಾಡಿಕೊಂಡೆ. ಗಂಟಲಿಗೆ ಬಂದದ್ದು ಎಂಟನೆಯ ವಯಸ್ಸಿನಿಂದ ಹಾಡಿದ ಕೀರವಾಣಿ. ಅದನ್ನೇ ಹತ್ತಿಸಿ, ಅದನ್ನೇ ಇಳಿಸಿ ಬರೆದುಕೊಟ್ಟೆ. ಆ ಪ್ರಶ್ನೆಗೆ ಸೊನ್ನೆ ಬಂತು, ಪರೀಕ್ಷೆಯಲ್ಲಿ ಎರಡು ಅಂಕಗಳಿಂದ ಫೇಲಾದೆ. ತಪ್ಪು ನನ್ನದೇ ಇರಬಹುದು. ಬರವಣಿಗೆಯ ಪರೀಕ್ಷೆಗೆ ಕೂತವಳು ಕಿವಿಯನ್ನು ಇಷ್ಟು ನಂಬಬಾರದಿತ್ತೇನೋ.

ಆದುದರಿಂದ ತಾವು ದಯಮಾಡಿ ಜೂನ್‌ಗೆ ಮುಂಚೆ ಯಾವುದಾದರೂ ಒಂದು ರೂಪದಲ್ಲಿ ನೆಲೆ ನಿಲ್ಲಬೇಕು. ಸಾಧ್ಯವಾಗದಿದ್ದರೆ, ತಾವು ಯಾರೆಂದು ತಮ್ಮನ್ನೇ ಥಟ್ಟನೆ ಕೇಳಿದ್ದರೆ ತಾವೂ ಫೇಲಾಗುತ್ತಿದ್ದಿರೆಂದು ನಮ್ಮ ಹೆಡ್‌ಮಿಸ್ಟ್ರೆಸ್ ಅವರಿಗೆ ಒಂದು ಸಾಲು ಬರೆದು, ಮೂರೂ ಹೆಸರುಗಳಲ್ಲಿ ಸಹಿ ಹಾಕಬೇಕು.

ಸೊನ್ನೆಯ ನಂತರವೂ ತಮ್ಮ ವಿಶ್ವಾಸಿ,
ಲಕ್ಷ್ಮಿದೇವಮ್ಮ

ಮರೆತ ಮಾತು: ನನ್ನ ಜಾಗಕ್ಕೆ ಬರುವವರಿಗೆ ಕೋಣೆ ತೋರಿಸಲು ಮೊನ್ನೆ ನನ್ನನ್ನೇ ಕರೆಸಿದ್ದರು. ಅವರು, ಮಾನ್ಯರೇ, ತಮ್ಮ ಮೂರೂ ರೂಪಗಳನ್ನು ಕಪ್ಪು ಹಲಗೆಯ ಮೇಲೆ ಒಂದೂ ತಪ್ಪಿಲ್ಲದೆ ಬರೆದರು. ಒಂದನ್ನಾದರೂ ಹಾಡಿ ತೋರಿಸಿ ಎಂದು ಹುಡುಗಿಯರು ಕೇಳಿದ್ದಕ್ಕೆ, ಅದು ಸಿಲಬಸ್ಸಿನಲ್ಲಿ ಇಲ್ಲವೆಂದರು.