ಕಟ್ಟಿಹಾಕಿದ ಎಡಗೈ

ಸಣ್ಣಬೀರಯ್ಯ: ಬಿಚ್ಚೇ ಅಂದ್ರೆ! ಮೂಗು ಕಡೀತಾ ಅದೆ.

ಕೆಂಪಾಜಮ್ಮ: ಬಲಗೈ ಅದೆಯಲ್ಲ, ಕೆರ್ಕೊಳ್ಳಿ.

ಸಣ್ಣಬೀರಯ್ಯ: ಅದು ಮೂಗಿಗೆ ಓಗು ಅಂದ್ರೆ ಕಿವಿಗೆ ಓಯ್ತದೆ ಕಣೇ!

ಕೆಂಪಾಜಮ್ಮ: ಮೊದ್ಲು ಎದೆ ದಾಟ್ತಿರ್ಲಿಲ್ಲ. ಈಗ ಕಿವಿ ಗಂಟ ಬಂದದೆ. ಪಕ್ಕದಲ್ಲೇ ಮೂಗು. ಒಸಿ ತಾಳ್ಕಳಿ.

(ಗಾವಡಗೆರೆ ಪಕ್ಕದ ಒಂದು ಹಳ್ಳಿ. ಜಗಲಿಯ ಮೇಲೆ ಸಣ್ಣಬೀರಯ್ಯ ಕುಳಿತಿದ್ದಾನೆ. ಲಕ್ವ ಹೊಡೆದು ಸೋತಿರುವುದು ಅವನ ಬಲಗೈ. ಆದರೆ ಹೆಂಡತಿ ಕೆಂಪಾಜಮ್ಮ ಹಳೆಯ ಪಂಚೆಯ ತುಂಡಿನಲ್ಲಿ ಸೊಂಟಕ್ಕೆ ಬಿಗಿದಿರುವುದು ನೆಟ್ಟಗಿರುವ ಎಡಗೈಯನ್ನು. ಮುಂದೆ ಮೊರದ ತುಂಬ ನೆನೆಸಿದ ಅವರೆಕಾಳು. ಒಂದೊಂದನ್ನೇ ಬಲಗೈ ಬೆರಳುಗಳಲ್ಲಿ ಹಿದುಕಿ ಸಿಪ್ಪೆ ಬಿಡಿಸಬೇಕು.)

ಸಣ್ಣಬೀರಯ್ಯ: ಗಂಡನ್ನ ಕಟ್ಟಾಕಿರೋ ಎಂಗಸ್ನ ಎಲ್ಲಾದ್ರೂ ಕಂಡಿದ್ದೀಯ?

ಕೆಂಪಾಜಮ್ಮ: ಪೂರ್ತಿ ಎಲ್ಲಿ ಕಟ್ಟೀವ್ನಿ? ಒಂದು ಕೈ ತಾನೆ.

ಸಣ್ಣಬೀರಯ್ಯ: ನೆಟ್ಟಗಿರೋ ಕೈಗೆ ಶಿಕ್ಷೆ, ಕೆಟ್ಟೋಗಿರೋ ಕೈಗೆ ಅವರೆಕಾಳು. ಇದು ಯಾವೂರ ನ್ಯಾಯ?

ಕೆಂಪಾಜಮ್ಮ: ಹುಣಸೂರ ಡಾಕ್ಟ್ರ ನ್ಯಾಯ. ಒಳ್ಳೆ ಕೈ ಎಲ್ಲಾ ಕೆಲ್ಸ ಮಾಡ್ಕೊಟ್ರೆ ಸೋತ ಕೈ ಕಲಿಯಾಕಿಲ್ಲ, ಒಸಿ ಹೊತ್ತು ಒಳ್ಳೇದ್ನ ಕಟ್ಟಾಕು ಅಂದ್ರು. ನೀವೂ ಕೇಳಿಸ್ಕಂಡ್ರಿ.

ಸಣ್ಣಬೀರಯ್ಯ: ಒಸಿ ಹೊತ್ತು ಅಂದ್ರು! ದನ ಮೇಯಾಕೆ ಓಗೋವಾಗ ನೀನು ಕಟ್ಟಿದ್ದು. ಈಗ ಅವೇ ತಿರುಗಿ ಬತ್ತಾ ಅವೆ. ನನ್ನೇನು ದಸರಾ ಕುಸ್ತಿಗೆ ಮಹಾರಾಜ್ರ ಮುಂದೆ ಇಳಿಸ್ತೀಯಾ?

ಕೆಂಪಾಜಮ್ಮ: ಕುಸ್ತಿ ಬ್ಯಾಡ. ಒಂದು ವೀಳ್ಯದೆಲೆ ಇಡ್ಕಂಡ್ರೆ ಸಾಕು. ಸೋಮವಾರ ಬೀಗ್ರು ಬತ್ತಾರೆ. ಮಗಳ ವೀಳ್ಯ ಅಪ್ಪ ಆದೋನು ಬಲಗೈಲೇ ಕೊಡ್ಬೇಕು. ಎಡಗೈ ನೀಡಿದ್ರೆ ಎದ್ದು ಓಯ್ತಾರೆ.

ಸಣ್ಣಬೀರಯ್ಯ: ನಮ್ ತಮ್ಮ ಕೊಡ್ಲಿ ಬುಡು.

ಕೆಂಪಾಜಮ್ಮ: ಗುಂಡ್ಕಲ್ಲಂಗೆ ನೀವಿರುವಾಗ ಅವರ್ಯಾಕೆ ಕೊಡ್ತಾರೆ? ಚಾಮುಂಡಮ್ಮ ಯಾರ ಮಗಳು?

(ಸಣ್ಣಬೀರಯ್ಯ ಮೊರದ ಕಡೆ ತಿರುಗಿದ. ಮದುವೆ ಗೊತ್ತಾದಾಗಿನಿಂದ ಚಾಮುಂಡಮ್ಮ ದಿನವೂ ಅಪ್ಪನ ಆ ಬೆರಳುಗಳನ್ನು ನೋಡಿ, ಏನೂ ಕೇಳದೆ ಒಳಗೆ ಹೋಗುತ್ತಿದ್ದಳು. ಅದು ಅವನಿಗೆ ಗೊತ್ತು. ಒಂದು ಕಾಳು ಹಿಡಿದ. ಜಾರಿತು. ಇನ್ನೊಂದು ಹಿಡಿದು, ಹಲ್ಲು ಕಚ್ಚಿ ಹಿದುಕಿದ. ಕಾಳು ಸಿಪ್ಪೆಯಿಂದ ಹಾರಿ, ಮೆಟ್ಟಿಲು ಹತ್ತುತ್ತಿದ್ದವರ ಹಣೆಗೆ ಬಡಿಯಿತು. ಬಂದವರು ಸಾಲಿಗ್ರಾಮದ ಸೋಮಯ್ಯ, ಗಂಡಿನ ತಂದೆ.)

ಸೋಮಯ್ಯ: ಏನ್ ಬೀಗ್ರೇ, ಬರೋರ್ಗೆ ಅಕ್ಷತೆ ಆಕ್ತಾರೆ. ನೀವು ಅವರೆಕಾಳು ಆಕ್ತೀರಾ?

ಕೆಂಪಾಜಮ್ಮ: ಅಯ್ಯೋ ಶಿವನೇ! ಬನ್ನಿ, ಬನ್ನಿ. ಸೋಮವಾರ ಅಂತಿದ್ರಿ?

ಸೋಮಯ್ಯ: ಸಂತೇಲಿ ಯಾರೋ ಅಂದ್ರು ತಾಯಿ, ಬೀಗ್ರಿಗೆ ಲಕ್ವ ಒಡೆದು ಬಲಗೈ ಬಿದ್ದೋಗದೆ, ವೀಳ್ಯ ಕೊಡೋಕಾಗಾಕಿಲ್ಲ ಅಂತ. ನಮ್ಮವ್ವ ಅಪಶಕುನ, ಈ ಸಂಬಂಧ ಬ್ಯಾಡ ಅಂತ ಕೂತ್ಬುಟ್ಟವ್ಳೆ. ಕಣ್ಣಾರೆ ನೋಡಾನ ಅಂತ ಬಂದೆ.

(ಸೋಮಯ್ಯನ ಕಣ್ಣು ಸೊಂಟದ ಕಟ್ಟಿನ ಮೇಲೆ ಬಿತ್ತು.)

ಸೋಮಯ್ಯ: ಓಹೋ, ಬಿದ್ದೋಗಿರೋದು ಎಡಗೈ! ಬಾಯಿಗೆ ಬಂದಂಗೆ ಆಡ್ತಾರೆ ಜನ! ಬಲಗೈ ನೋಡಿದ್ರೆ ಇಲ್ಲಿಂದ ಗುರಿ ಇಟ್ಟು ಒಡೀತದೆ!

ಕೆಂಪಾಜಮ್ಮ: ಬೀಗ್ರೇ, ಅದು ಅಂಗಲ್ಲ...

ಸಣ್ಣಬೀರಯ್ಯ: ನೀನು ಮಜ್ಜಿಗೆ ತಾ ಓಗೇ.

ಕೆಂಪಾಜಮ್ಮ (ಮೆಲ್ಲಗೆ): ದೇವ್ರಿಗೆ ದೀಪ ಅಚ್ಚಿ ಬಂದೀವ್ನಿ. ಸುಳ್ಳು ಏಳಾಕಿಲ್ಲ.

ಸಣ್ಣಬೀರಯ್ಯ (ಇನ್ನೂ ಮೆಲ್ಲಗೆ): ಸುಳ್ಳು ಏಳು ಅಂದ್ನಾ? ಮಜ್ಜಿಗೆ ತಾ ಅಂದೆ.

ಸೋಮಯ್ಯ: ಮಜ್ಜಿಗೆ ಇರ್ಲಿ. ಹೆಗ್ಗಡದೇವನಕೋಟೆ ಮಲೆಯಾಳಿ ವೈದ್ಯರ ಎಣ್ಣೆ ತಂದೀವ್ನಿ. ಎಂಥಾ ಕೈನೂ ಎಬ್ಬಿಸ್ತದೆ. ತನ್ನಿ ಇಲ್ಲಿ, ಉಜ್ಜಾನ.

ಸಣ್ಣಬೀರಯ್ಯ: ಬ್ಯಾಡಿ ಬೀಗ್ರೇ, ಅದು ಮಲಗಿರ್ಲಿ.

ಸೋಮಯ್ಯ: ನಮ್ ಬೀಗ್ರ ಕೈ ಮಲಗಿದ್ರೆ ನಂಗೆ ನಿದ್ದೆ ಬತ್ತದಾ?

(ಎಣ್ಣೆಯ ಸೀಸೆಯನ್ನು ಕೆಳಗಿಟ್ಟು ಸೋಮಯ್ಯ ಗಂಟು ಬಿಚ್ಚಿದ. ಬಿಚ್ಚಿದ್ದೇ ತಡ, ಎಡಗೈ ಚಂಗನೆ ಮೇಲೆದ್ದು ಮೂಗಿಗೆ ಹೋಯಿತು. ಸಣ್ಣಬೀರಯ್ಯ ಕಣ್ಣು ಮುಚ್ಚಿಕೊಂಡು ಪರಪರ ಕೆರೆದುಕೊಂಡ.)

ಸೋಮಯ್ಯ: ಅಬ್ಬಬ್ಬಾ! ಸೀಸೆ ಬಿರಡೆ ಇನ್ನೂ ತೆಗ್ದೇ ಇಲ್ಲ!

ಸಣ್ಣಬೀರಯ್ಯ: ಆಹಾ...

ಸೋಮಯ್ಯ: ಏನನ್ನಿಸ್ತದೆ ಬೀಗ್ರೇ?

ಸಣ್ಣಬೀರಯ್ಯ: ಕೈಲಾಸ ಕಾಣ್ತದೆ.

ಸೋಮಯ್ಯ: ಸೀಸೆ ಕಂಡಿದ್ದಕ್ಕೇ ಇಂಗೆ! ಅಚ್ಚಿದ್ರೆ ಇನ್ನೆಂಗೋ! ಸರಿ, ಎರಡು ಕೈಯೂ ನೆಟ್ಟಗಾದವು. ಸೋಮವಾರ ಗಂಟ ಯಾಕೆ? ಇವತ್ತೂ ಒಳ್ಳೇ ದಿನವೇ. ತಾಯಿ, ಎಲೆ ಅಡಿಕೆ ತನ್ನಿ. ವೀಳ್ಯ ಇಸ್ಕಂಡು ಓಗಿ ನಮ್ಮವ್ವನ ಬಾಯಿ ಮುಚ್ಚಿಸ್ತೀನಿ.

(ಕೆಂಪಾಜಮ್ಮ ತಟ್ಟೆ ತಂದಿಟ್ಟಳು. ಎಡಗೈ ತಾನಾಗಿಯೇ ತಟ್ಟೆಯ ಕಡೆ ಹೊರಟಿತು. ಅವಳು ಅದಕ್ಕೊಂದು ಏಟು ಕೊಟ್ಟಳು. ಆಮೇಲೆ ಕಣ್ಣು ಮುಚ್ಚಿ ಮನೆದೇವರನ್ನು ನೆನೆದಳು. ಬಹಳವೇನೂ ಬೇಡಲಿಲ್ಲ, ಬಲಗೈ ಕಿವಿಯ ಕಡೆ ಹೋಗದಿದ್ದರೆ ಸಾಕು ಎಂದಳು.

ಬಲಗೈ ನಡುಗುತ್ತ ಎದ್ದಿತು. ತಟ್ಟೆಯ ಮೇಲೆ ಗಿರಕಿ ಹೊಡೆಯಿತು. ಇಳಿಯಿತು. ಹೆಬ್ಬೆರಳೂ ತೋರುಬೆರಳೂ ಕೂಡಿಕೊಂಡವು. ಎಲೆ ಅಡಿಕೆ ಸಮೇತ ಕೈ ನೇರವಾಗಿ ಬೀಗರ ಮುಂದೆ ಹೋಗಿ ನಿಂತಿತು. ಸೋಮಯ್ಯ ಭಕ್ತಿಯಿಂದ ಬಲಗೈ ಚಾಚಿ ಎಲೆಯ ಇನ್ನೊಂದು ತುದಿ ಹಿಡಿದ.)

ಸೋಮಯ್ಯ: ಬೋ ಸಂತೋಷ. ಬುಡಿ ಬೀಗ್ರೇ.

ಸಣ್ಣಬೀರಯ್ಯ: ಬುಟ್ಟೆ.

ಸೋಮಯ್ಯ: ಎಲ್ಲಿ ಬುಟ್ರಿ?

ಸಣ್ಣಬೀರಯ್ಯ: ನಾನು ಬುಟ್ಟಾಯ್ತು. ಬೆರಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಸೋಮಯ್ಯ: ತಿಳೀತದೆ, ತಿಳೀತದೆ. ಎತ್ತ ಕರುಳು. ಮಗಳ್ನ ಕೊಡೋವಾಗ ಯಾರ ಕೈ ತಾನೆ ಸಡಿಲ ಆಯ್ತದೆ? ನಮ್ ಮನೆ ಮಗಳಂಗೇ ನೋಡ್ಕತ್ತೀವಿ ಕಣ್ರೀ, ಬುಡಿ.

ಸಣ್ಣಬೀರಯ್ಯ: ನೋಡ್ಕಳಿ. ಆದ್ರೆ ಎಳೀಬ್ಯಾಡಿ, ಎಲೆ ಅರಿದೋಯ್ತದೆ!

ಸೋಮಯ್ಯ: ನೀವು ಬುಟ್ರೆ ನಾನ್ಯಾಕೆ ಎಳೀಲಿ?

ಸಣ್ಣಬೀರಯ್ಯ: ನೀವು ಎಳೆದಷ್ಟೂ ಅದು ಬಿಗೀತದೆ!

ಕೆಂಪಾಜಮ್ಮ: ಬೀಗ್ರೇ, ಇನ್ನು ನನ್ ಕೈಲಿ ತಡಿಯಾಕಾಗಾಕಿಲ್ಲ. ಲಕ್ವ ಒಡೆದಿರೋದು ಇದೇ ಕೈಗೆ. ಎಡಗೈ ಮೊದ್ಲಿಂದ್ಲೂ ನೆಟ್ಟಗದೆ. ಸೋತ ಕೈ ಕಲೀಲಿ ಅಂತ ಅದನ್ನ ನಾನೇ ಕಟ್ಟಾಕಿದ್ದೆ. ಇದರ ಬೆರಳು ಇಡ್ಕಳೋದ ಕಲ್ತವೆ, ಬುಡೋದ ಇನ್ನೂ ಕಲಿತಿಲ್ಲ. ಮಣಿಕಟ್ಟ ಕೆಳಕ್ಕೆ ಒಸಿ ಬಗ್ಗಿಸಿದ್ರೆ ಬಿಚ್ಕತ್ತವೆ ಅಂತ ಡಾಕ್ಟ್ರು ತೋರಿಸ್ಕೊಟ್ಟವ್ರೆ. ನೀವು ಒಪ್ಪಿದ್ರೆ ಕೊಡುಸ್ತೀನಿ. ಒಪ್ಪದಿದ್ರೂ ಬಿಚ್ಚಿಸ್ಕೊಡ್ತೀನಿ, ನೀವು ಊರಿಗೆ ಓಗ್ಬೇಕಲ್ಲ.

(ಸೋಮಯ್ಯ ಕೈ ನೋಡಿದ. ಸೀಸೆ ನೋಡಿದ. ನಡುಗುತ್ತಿದ್ದರೂ ಎಲೆ ಬಿಡದ ಆ ಎರಡು ಬೆರಳುಗಳನ್ನು ಮತ್ತೆ ನೋಡಿದ. ಒಳಬಾಗಿಲ ಹಿಂದೆ ಚಾಮುಂಡಮ್ಮನ ಬಳೆಯ ಸದ್ದು ನಿಂತೇ ಹೋಗಿತ್ತು.)

ಸೋಮಯ್ಯ: ವೀಳ್ಯ ಕೊಟ್ಟು ಆಮೇಲೆ ಕೈ ಬುಟ್ಟೋರ್ನ ಬೋ ಜನರ ಕಂಡೀವ್ನಿ ತಾಯಿ. ಕೊಟ್ಟ ಮೇಲೆ ಬುಡಾಕೇ ಆಗ್ದೋರ್ನ ಇವತ್ತೇ ಕಂಡಿದ್ದು. ನಮ್ಮವ್ವಂಗೆ ಇದನ್ನೇ ಏಳ್ತೀನಿ. ಒಪ್ಪೀವ್ನಿ, ಬುಡ್ಸಿ.

(ಕೆಂಪಾಜಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು ಗಂಡನ ಮಣಿಕಟ್ಟಿಗೆ ಕೈ ಹಾಕಿದಳು.)

ಸಣ್ಣಬೀರಯ್ಯ: ತಡಿಯೇ! ಮೊದ್ಲು ಮದುವೆ ಯಾವತ್ತು ಅಂತ ಅವರ ಬಾಯಲ್ಲಿ ಬರ್ಲಿ. ಆಮೇಲೆ ಬಗ್ಗಿಸು!