ಎಡಜೇಬಿನ ಕೆಳಗೆ ಎರಡು ಬೆರಳು

ರಫು ಮಾಸ್ತರರ ಆ ದಿನದ ಫಜೀತಿಗೆಲ್ಲ ಕಾರಣ ಗೋಡೆಗೆ ಅಂಟಿಸಿದ್ದ ಅಂಗೈಯಗಲದ ಒಂದು ನೋಟೀಸು. ಬೆಳಿಗ್ಗೆ ಒಂಬತ್ತಕ್ಕೆ ಕಾರ್ಖಾನೆಯ ನೆಲಮಾಳಿಗೆಗೆ ಇಳಿದು ಬಂದವರು ಊಟದ ಡಬ್ಬಿ ಕೆಳಗಿಡುವ ಮೊದಲೇ ಅದನ್ನು ಎರಡು ಸಲ ಓದಿದರು.

'ಬರುವ ವರ್ಷದ ಫ್ಯಾಷನ್: ರಿಪೇರಿ ಮಾಡಿದ ಬಟ್ಟೆ. ಮುನ್ನೋಟ ವಿಭಾಗದ ಮುಖ್ಯಸ್ಥೆಯವರು ಇಂದು ಹನ್ನೆರಡಕ್ಕೆ ರಫು ಕೋಣೆಗೆ ಬರುತ್ತಾರೆ. ಅತ್ಯುತ್ತಮ ಮಾದರಿಯೊಂದನ್ನು ಸಿದ್ಧವಾಗಿಡತಕ್ಕದ್ದು. ಒಪ್ಪಿಗೆಯಾದಲ್ಲಿ ಪ್ರತಿ ಉಡುಪಿನ ಮೇಲೂ ರಫುಗಾರರ ಹೆಸರಿನ ಪಟ್ಟಿ ಹೊಲಿಯಲಾಗುವುದು.'

ಹೆಸರು. ಮಾಸ್ತರರು ಆ ಒಂದು ಪದವನ್ನು ಮೂರನೆಯ ಸಲ ಓದಿದರು.

ಇಪ್ಪತ್ತಾರು ವರ್ಷಗಳಿಂದ ಅವರು ಈ ಕೋಣೆಯಲ್ಲಿ ಕೂತು, ಹರಿದ ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿ, ಹರಿದ ಜಾಗವನ್ನು ಮರಳಿ ನೇಯುತ್ತಿದ್ದರು. ಹೊಲಿದ ಗುರುತು ಕಂಡರೆ ಅದು ರಫುವೇ ಅಲ್ಲ ಎಂಬುದು ಅವರ ನಿಯಮ. ನಿಯಮದ ಕಷ್ಟವೂ ಅಲ್ಲೇ ಇತ್ತು. ಅವರ ಹೆಂಡತಿಯ ತಮ್ಮ ಬೋರ್ಡು ಬರೆಯುವವನು. ಊರಿನ ಅರ್ಧ ಅಂಗಡಿಗಳ ಹಣೆಯ ಮೇಲೆ, ಮೂಲೆಯಲ್ಲಿ, ಅವನ ರುಜು ಇತ್ತು. ಜೊತೆಯಲ್ಲಿ ನಡೆಯುವಾಗ ಅವನು ಬೆರಳು ತೋರಿಸುತ್ತಲೇ ಹೋಗುತ್ತಿದ್ದ. "ಅದು ನಂದು ಭಾವ. ಇದೂ ನಂದು. ನಿಮ್ಮದು ಯಾವುದು, ತೋರಿಸಿ ನೋಡೋಣ."

ಒಮ್ಮೆ ಮಾಸ್ತರರು ಎದುರಿಗೆ ಹೋಗುತ್ತಿದ್ದವನೊಬ್ಬನ ಮೊಣಕೈ ತೋರಿಸಿದ್ದರು.

"ಅಲ್ಲೇನೂ ಇಲ್ವಲ್ಲ ಭಾವ."

"ಅದೇ ನಂದು."

ಭಾವಮೈದುನ ಮುಂದಿನ ಬೀದಿಯವರೆಗೂ ನಕ್ಕಿದ್ದ. ಮಾಸ್ತರರು ಏನೂ ಹೇಳಿರಲಿಲ್ಲ. ಹೇಳದೆ ಉಳಿದದ್ದು ಒಳಗೆ ಕೂತು, ಅಂಗಿಯಲ್ಲಿ ಸಿಕ್ಕಿಕೊಂಡ ಗುಂಡುಪಿನ್ನಿನಂತೆ ತಿರುಗಿದಾಗಲೆಲ್ಲ ಚುಚ್ಚುತ್ತಿತ್ತು.

"ಯಾವುದು ತೋರಿಸ್ತೀರಿ ಮಾಸ್ತರೇ?" ಎಂದರು ಇಸ್ತ್ರಿ ಮಾಮ, ಹಬೆಯ ಮರೆಯಿಂದ.

"ಇನ್ಯಾವುದು," ಎಂದಳು ಗುಂಡಿಯ ಕಾಜಾ ಹಾಕುವ ಕಾಜಾ ಅಕ್ಕ. "ಮ್ಯಾನೇಜರ್ ಸಾಹೇಬರ ಕೋಟು."

ಮಾಸ್ತರರ ಮನಸ್ಸಿನಲ್ಲಿದ್ದದ್ದೂ ಅದೇ. ಆರು ವರ್ಷದ ಹಿಂದೆ ಹೀಟರಿನ ಕಿಡಿ ಹಾರಿ ಮ್ಯಾನೇಜರರ ಹೊಗೆಬಣ್ಣದ ಉಣ್ಣೆಯ ಕೋಟಿಗೆ, ಎಡಜೇಬಿನ ಕೆಳಗೆ ಎರಡು ಬೆರಳು ಬಿಟ್ಟು, ಹೆಬ್ಬೆರಳ ಉಗುರಿನಷ್ಟು ತೂತು ಬಿದ್ದಿತ್ತು. ಎರಡು ದಿನ ಕೂತು ಅದನ್ನು ಮುಚ್ಚಿದ್ದರು. ಅಂಥ ರಫುವನ್ನು ಅವರು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಅಂದಿನಿಂದ ಮೆಟ್ಟಿಲ ಮೇಲೆ ಮ್ಯಾನೇಜರ್ ಎದುರಾದಾಗಲೆಲ್ಲ ಮಾಸ್ತರರು ನಮಸ್ಕಾರ ಹೇಳುತ್ತಿದ್ದದ್ದು ಮುಖಕ್ಕೆ, ನೋಡುತ್ತಿದ್ದದ್ದು ಜೇಬಿನ ಕೆಳಗೆ.

ಮ್ಯಾನೇಜರ್ ಬೆಳಿಗ್ಗೆಯೇ ಗಿರಣಿಗೆ ಮೀಟಿಂಗಿಗೆ ಹೋಗಿದ್ದರು. ಕೋಟು ಕಚೇರಿಯ ಗೂಟದಲ್ಲೇ ತೂಗುತ್ತಿತ್ತು. ಮಾಸ್ತರರು ಫೋನು ಮಾಡಿದರು.

"ಸರ್, ನಿಮ್ಮ ಕೋಟು ಸ್ವಲ್ಪ ಬೇಕಿತ್ತು. ಆ ರಫು ತೋರಿಸೋದಕ್ಕೆ."

ಆ ಕಡೆ ಮೌನ. ಫೋನು ಕಡಿಯಿತೇನೋ ಎಂದು ಮಾಸ್ತರರು ಕಿವಿಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡರು.

"ಆ ಕೋಟಾ," ಎಂದರು ಮ್ಯಾನೇಜರ್ ಕೊನೆಗೆ. ಹಿಂದೆ ಯಾರೋ ಏನೋ ಕೇಳುತ್ತಿದ್ದರು. "ಮಾಸ್ತರೇ, ಅದು... ಇರಲಿ. ತಗೊಳ್ಳಿ. ನಾನು ಒಂದು ಗಂಟೆಗೆ ಬರ್ತೀನಿ."

ಕೋಟು ಮೇಜಿನ ಮೇಲೆ ಬಂತು. ಮಾಸ್ತರರು ಕನ್ನಡಕ ಒರೆಸಿಕೊಂಡು ಜೇಬಿನ ಕೆಳಗೆ ಎರಡು ಬೆರಳು ಇಟ್ಟು ನೋಡಿದರು. ಏನೂ ಕಾಣಲಿಲ್ಲ. ಸಂತೋಷವಾಯಿತು. ಬೆಳಕಿಗೆ ಹಿಡಿದು ನೋಡಿದರು. ಆಗಲೂ ಏನೂ ಕಾಣಲಿಲ್ಲ. ಸಂತೋಷ ಸ್ವಲ್ಪ ಕಡಿಮೆಯಾಯಿತು. ಮುಖ್ಯಸ್ಥೆಗೆ ಇಲ್ಲಿದೆ ಅಂತ ತೋರಿಸುವುದಾದರೂ ಎಲ್ಲಿ?

"ಆರು ವರ್ಷದ ಹಿಂದೆ ನಿಮ್ಮ ಬೆರಳು ಸಣ್ಣಗಿತ್ತು," ಎಂದಳು ಕಾಜಾ ಅಕ್ಕ. "ಸ್ವಲ್ಪ ಮೇಲೆ ನೋಡಿ ಅಣ್ಣ."

"ಮೇಲಲ್ಲ, ಪಕ್ಕಕ್ಕೆ," ಎಂದರು ಇಸ್ತ್ರಿ ಮಾಮ. "ನಾನೇ ಇಸ್ತ್ರಿ ಹೊಡೆದಿದ್ದು. ನಂಗೆ ಗೊತ್ತಿಲ್ವಾ?"

"ಗೊತ್ತಿದ್ರೆ ತೋರ್ಸಿ."

ಮಾಮ ಕೋಟಿನ ಮೇಲೆ ಸೀಮೆಸುಣ್ಣದಿಂದ ಒಂದು ಸೊನ್ನೆ ಹಾಕಿದರು. ಅಕ್ಕ ಅದರ ಮೇಲೆ ಇನ್ನೊಂದು ಸೊನ್ನೆ ಹಾಕಿದಳು. ಮಾಸ್ತರರು ಕಣ್ಣು ಮುಚ್ಚಿ ಬೆರಳಿನ ತುದಿಯಿಂದ ತಡವಿ ಮೂರನೆಯದನ್ನು ಹಾಕಿದರು. ಕೋಟು ಗುರಿ ಹೊಡೆಯುವ ಹಲಗೆಯಂತಾಯಿತು. ಉಣ್ಣೆ ನೆನೆದರೆ ಹೊಸ ಎಳೆ ಬೇರೆ ಕಾಣುತ್ತದೆ ಎಂದು ಮಾಮ ನೀರು ಚಿಮುಕಿಸಿದರು. ನೆನೆದ ಜಾಗವೆಲ್ಲ ಒಂದೇ ಸಮ ಕಪ್ಪಾಯಿತು. ಹಬೆ ಹಾಯಿಸಿದಾಗ ಒಂದೇ ಸಮ ಒಣಗಿತು. ಸೀಮೆಸುಣ್ಣ ಮಾತ್ರ ಹೋಯಿತು.

"ಕೆಂಪು ದಾರದಲ್ಲಿ ಮೇಲೊಂದು ಹೊಲಿಗೆ ಹಾಕ್ಬಿಡಿ ಅಣ್ಣ," ಎಂದಳು ಅಕ್ಕ. "ಇಲ್ಲಿದೆ ಅಂತ ಗೊತ್ತಾಗ್ಲಿ."

ಮಾಸ್ತರರು ಅವಳನ್ನು ನೋಡಿದ ನೋಟಕ್ಕೆ ಅವಳು ತನ್ನ ಗುಂಡಿಗಳ ಡಬ್ಬಿಯತ್ತ ತಿರುಗಿಕೊಂಡಳು.

ಹನ್ನೆರಡಕ್ಕೆ ಸರಿಯಾಗಿ ಮುನ್ನೋಟದ ಮೇಡಂ ಇಳಿದು ಬಂದರು. ಕೊರಳಲ್ಲಿ ಬಣ್ಣದ ಚೀಟಿಗಳ ಗೊಂಚಲು, ಕೈಯಲ್ಲಿ ಭೂತಗನ್ನಡಿ. ಜನ ಏನು ತೊಡಬೇಕೆಂದು ಜನಕ್ಕಿಂತ ಒಂದು ವರ್ಷ ಮೊದಲೇ ತಿಳಿಯುವುದು ಅವರ ಕೆಲಸ. ಹೋದ ವರ್ಷ ಅವರು ಸಾಸಿವೆ ಹಳದಿ ಎಂದಿದ್ದರು. ಆಮೇಲೆ ಇಡೀ ಊರು ಕಾಮಾಲೆ ಹಿಡಿದವರಂತೆ ಓಡಾಡಿತ್ತು.

"ಎಲ್ಲಿದೆ ರಫು?" ಎಂದರು.

ಮಾಸ್ತರರು ಗೊತ್ತಿಲ್ಲ ಎನ್ನಬೇಕಿತ್ತು. ಆದರೆ ಇಪ್ಪತ್ತಾರು ವರ್ಷ ಬಾಗಿದ್ದ ಬೆನ್ನು ಅದಾಗಿಯೇ ನೆಟ್ಟಗಾಯಿತು.

"ಎಡಜೇಬಿನ ಕೆಳಗೆ, ಎರಡು ಬೆರಳು ಬಿಟ್ಟು. ಕಂಡ್ರೆ ಹೇಳಿ ಮೇಡಂ."

ಮೇಡಂ ಕುರ್ಚಿ ಎಳೆದುಕೊಂಡು ಕೂತರು. ಕಾಲು ಗಂಟೆ ಹುಡುಕಿದರು. ಒಳಗಿನಿಂದ ನೋಡಿದರು, ಹೊರಗಿನಿಂದ ನೋಡಿದರು. ಒಮ್ಮೆ ಮೂಸಿಯೂ ನೋಡಿದರು. ಆಮೇಲೆ ಭೂತಗನ್ನಡಿ ಕೆಳಗಿಟ್ಟು, ಮೆಲ್ಲಗೆ ಹೇಳಿದರು.

"ಇಪ್ಪತ್ತು ಕಾರ್ಖಾನೆ ನೋಡಿದ್ದೀನಿ. ಇಂಥ ಕೈ ನೋಡಿಲ್ಲ. ಹಳೇ ಬಟ್ಟೆ ಎಸೀಬೇಡಿ ಅಂತ ನಾವು ಬಾಯಲ್ಲಿ ಹೇಳ್ತೀವಿ. ನೀವು ಕೆಳಗೆ ಕೂತು ಸದ್ದಿಲ್ಲದೆ ಮಾಡ್ತಾ ಬಂದಿದ್ದೀರಿ. ಎರಡು ಸಾವಿರ ಕೋಟು, ಎಲ್ಲದರ ಮೇಲೂ ನಿಮ್ಮ ಹೆಸರು. ಐದು ಗಂಟೆಗೆ ಫೋಟೋ ತೆಗೆಸೋಣ."

ಅವರು ಮೇಲೆ ಹೋದರು. ಇಸ್ತ್ರಿ ಮಾಮ ಕಣ್ಣೊರೆಸಿಕೊಂಡು ಹಬೆಯ ಮೇಲೆ ತಪ್ಪು ಹೊರಿಸಿದರು. ಕಾಜಾ ಅಕ್ಕ ಪಕ್ಕದ ಪ್ಯಾಕಿಂಗ್ ಕೋಣೆಯ ಬಾಗಿಲಿಗೆ ಹೋಗಿ, "ನಮ್ಮ ಮಾಸ್ತರ ಹೆಸರು ಅಚ್ಚಾಗತ್ತೆ, ಗೊತ್ತಾಯ್ತಾ," ಎಂದು ಹೇಳಿ ಬಂದಳು. ಯಾರೂ ಕೇಳಿರಲಿಲ್ಲ. ಸಂಬಳದ ಚೀಟಿ ಬಿಟ್ಟರೆ ಇನ್ನೆಲ್ಲೂ ಕಾಣಿಸಿಕೊಳ್ಳದಿದ್ದ ಆ ಹೆಸರನ್ನು ಮಾಸ್ತರರು ಮನಸ್ಸಿನಲ್ಲೇ ಒಮ್ಮೆ ಕರೆದು ನೋಡಿದರು. ಬೇರೆ ಯಾರದೋ ದೊಡ್ಡ ಮನುಷ್ಯನದಿರಬೇಕು ಅನಿಸಿತು.

ಒಂದು ಗಂಟೆಗೆ ಮ್ಯಾನೇಜರ್ ಬಂದರು. ಬಾಗಿಲಲ್ಲೇ ನಿಂತರು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ.

"ಮಾಸ್ತರೇ, ಒಂದು ಮಾತು."

"ಹೇಳಿ ಸರ್. ಮೇಡಂಗೆ ಸಿಗಲೇ ಇಲ್ಲ. ಕಾಲು ಗಂಟೆ ಹುಡುಕಿದ್ರು."

"ಸಿಗಲ್ಲ," ಎಂದರು ಮ್ಯಾನೇಜರ್. "ಇದು ಆ ಕೋಟಲ್ಲ."

ಮಾಮನ ಇಸ್ತ್ರಿಪೆಟ್ಟಿಗೆ ನಡುದಾರಿಯಲ್ಲಿ ನಿಂತಿತು.

"ನೀವು ರಫು ಮಾಡಿಕೊಟ್ಟ ಮುಂದಿನ ವಾರವೇ ಅದನ್ನ ಬಸ್ಸಲ್ಲಿ ಬಿಟ್ಟೆ. ಎರಡು ದಿನ ಕಣ್ಣಲ್ಲಿ ನೀರು ಬರೋ ಹಾಗೆ ಕೂತು ಮಾಡಿದ್ರಿ ನೀವು. ಕಳ್ಕೊಂಡೆ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಅದೇ ಅಂಗಡೀಲಿ ಅಂಥದ್ದೇ ಇನ್ನೊಂದು ತಗೊಂಡೆ. ನೀವು ಬೇರೆ ದಿನಾ ಮೆಟ್ಟಿಲ ಮೇಲೆ ನನ್ನ ಸೊಂಟ ನೋಡ್ಕೊಂಡು ನಗ್ತಿದ್ರಿ. ಬೇಸಿಗೇಲೂ ಹಾಕ್ಕೊಂಡು ಬಂದಿದ್ದೀನಿ ಮಾಸ್ತರೇ, ನಿಮ್ಮ ಸಲುವಾಗಿ."

ಮಾಸ್ತರರು ಕೋಟನ್ನು ನೋಡುತ್ತ ಕೂತರು. ಆರು ವರ್ಷ ಅವರು ಹೆಮ್ಮೆಪಟ್ಟದ್ದು ಏನೂ ಆಗಿರದ ಬಟ್ಟೆಯ ಮೇಲೆ. ಅವರ ಬಾಳಿನ ಅತ್ಯುತ್ತಮ ಕೆಲಸ ಯಾವುದೋ ಬಸ್ಸಿನ ಸೀಟಿನಿಂದ ಎದ್ದು, ಯಾರದೋ ಮೈಮೇಲೆ, ಯಾವುದೋ ಬೀದಿಯಲ್ಲಿ ಯಾರಿಗೂ ಕಾಣದೆ ನಡೆದಾಡುತ್ತಿತ್ತು.

"ಯಾರಿಗೆ ಗೊತ್ತಾಗತ್ತೆ ಅಣ್ಣ," ಎಂದಳು ಅಕ್ಕ ಮೆಲ್ಲಗೆ. "ಸುಮ್ಮನಿದ್ಬಿಡಿ."

"ನಂಗೆ ಗೊತ್ತಾಯ್ತಲ್ಲಮ್ಮ."

ಮಾಡದ ಕೆಲಸಕ್ಕೆ ಹೆಸರು ಹಾಕಿಸಿಕೊಳ್ಳುವ ಮನುಷ್ಯ ಅವರಲ್ಲ. ಬಂದ ಹೆಸರನ್ನು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸೂ ಆ ಮಧ್ಯಾಹ್ನ ಅವರಿಗೆ ಇರಲಿಲ್ಲ. ಎರಡರ ನಡುವೆ ಒಂದೇ ದಾರಿ ಇತ್ತು.

"ಸರ್, ನಿಮ್ಮ ಕೋಟಿಗೆ ಒಂದು ತೂತು ಮಾಡ್ಲಾ?"

"ಏನು?"

"ಚಿಕ್ಕದು. ಕಿರುಬೆರಳ ಉಗುರಷ್ಟು. ಅದೇ ಜಾಗದಲ್ಲಿ. ಈಗ ಒಂದು ಗಂಟೆ. ನಾಲ್ಕೂವರೆಗೆ ಮುಚ್ಚಿಬಿಡ್ತೀನಿ. ಫೋಟೋ ತೆಗೆಯೋ ಹೊತ್ತಿಗೆ ಮೇಡಂ ಹೇಳಿದ್ದೆಲ್ಲ ನಿಜವಾಗಿರತ್ತೆ."

ಮ್ಯಾನೇಜರ್ ಕೋಟನ್ನು ಒಮ್ಮೆ ನೋಡಿದರು, ಮಾಸ್ತರರ ಮುಖವನ್ನು ಒಮ್ಮೆ ನೋಡಿದರು. ಆರು ಬೇಸಿಗೆಗಳ ಬೆವರು ನೆನಪಾಗಿರಬೇಕು.

"ಮಾಡಿ," ಎಂದರು. "ಹೇಗಿದ್ರೂ ನಾನು ಕೊಡಬೇಕಾದ ತೂತು ಅದು."

ಮಾಸ್ತರರು ಚಿಕ್ಕ ಕತ್ತರಿ ತೆಗೆದುಕೊಂಡರು. ಎರಡು ಬೆರಳು ಅಳೆದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಒಳ್ಳೆಯ ಬಟ್ಟೆಗೆ ಕತ್ತರಿ ಹಾಕಿದರು. ತೂತಾಯಿತು. ಒಳಮಡಿಕೆಯಿಂದ ಮೊದಲ ಎಳೆ ಬಿಡಿಸಿ ಸೂಜಿಗೆ ಪೋಣಿಸುತ್ತಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದು ಕೇಳಿಸಿತು.

"ಫೋಟೋಗ್ರಾಫರ್‌ಗೆ ಈಗಿನ ಬೆಳಕೇ ಚೆನ್ನಾಗಿದೆಯಂತೆ," ಎನ್ನುತ್ತ ಮೇಡಂ ಅವನನ್ನೂ ಕರೆದುಕೊಂಡು ಒಳಗೆ ಬಂದರು. ಬಂದವರು ಮೇಜಿನ ಮುಂದೆ ನಿಂತುಬಿಟ್ಟರು. ಎಡಜೇಬಿನ ಕೆಳಗೆ, ಎರಡು ಬೆರಳು ಬಿಟ್ಟು, ತೂತು ಬಾಯಿ ತೆರೆದುಕೊಂಡು ಮಲಗಿತ್ತು.

"ಬಿಟ್ಕೊಂಡಿತಾ?" ಎಂದರು.

ಮಾಸ್ತರರ ಕಿವಿ ಕೆಂಪಾಯಿತು. ತಮ್ಮ ರಫು ಬಿಟ್ಟುಕೊಂಡಿತೆಂಬ ಮಾತನ್ನು ಅವರು ಜೀವಮಾನದಲ್ಲಿ ಕೇಳಿರಲಿಲ್ಲ. "ಇಲ್ಲ ಮೇಡಂ, ಇದು ಬಿಟ್ಕೊಂಡಿದ್ದಲ್ಲ. ನಿಜ ಹೇಳ್ಬೇಕಂದ್ರೆ ನಾನೇ ಈಗ..."

ಮೇಡಂ ಅಂಗೈ ಎತ್ತಿದರು. "ಯಾರೂ ಮಾತಾಡಬೇಡಿ."

ಭೂತಗನ್ನಡಿ ತೂತಿನ ಮೇಲೆ ಇಳಿಯಿತು. ಫೋಟೋಗ್ರಾಫರ್ ಒಂದು ಹೆಜ್ಜೆ ಹಿಂದೆ ಸರಿದ. ಮುನ್ನೋಟ ಬರುವ ಹೊತ್ತು ಅವನಿಗೆ ಗೊತ್ತಿತ್ತು.

"ನೀವೇ ಮಾಡಿದ್ದಾ?"

"ಹೌದು."

"ಕೈಯಲ್ಲಿ?"

"ಕತ್ತರೀಲಿ."

"ಇದೇ," ಎಂದರು ಮೇಡಂ. "ಬೆಳಿಗ್ಗೆಯಿಂದ ಏನೋ ಕೊರೀತಿತ್ತು. ರಫು ಯಾರಿಗೂ ಕಾಣಲ್ಲ. ಕಾಣದ್ದನ್ನ ಯಾರು ತೊಡ್ತಾರೆ? ತೂತು ಕಾಣತ್ತೆ. ದಾರ ಬೇಡ, ರಿಪೇರಿ ಬೇಡ, ಹಳೇದನ್ನ ಹಳೇದಾಗೇ ಬಿಡೋದು. ಭೂಮಿಗೆ ಇದಕ್ಕಿಂತ ಹಗುರವಾದ ಬಟ್ಟೆ ಯಾವುದಿದೆ? ಎರಡು ಸಾವಿರ ಕೋಟು, ಎಲ್ಲ ನಿಮ್ಮ ಕೈಯಲ್ಲೇ ಆಗಬೇಕು."

"ಮೇಡಂ, ನಾನು ರಫು ಮಾಡೋನು."

"ರಫು ಹಳೇದಾಯ್ತು."

"ಹನ್ನೆರಡು ಗಂಟೆಗೆ ತಾವೇ..."

"ಫ್ಯಾಷನ್ನಲ್ಲಿ ಒಂದು ಗಂಟೆ ಅಂದ್ರೆ ಬಹಳ ಹೊತ್ತು ಮಾಸ್ತರೇ. ಹೆಸರಿನ ಪಟ್ಟಿ ಎಲ್ಲಿ ಹೊಲಿಯೋಣ? ತೂತಿನ ಕೆಳಗೇ ಇರಲಿ. ಯಾರು ಮಾಡಿದ್ದು ಅಂತ ಎಲ್ರಿಗೂ ಗೊತ್ತಾಗಬೇಕು."

ಫೋಟೋ ತೆಗೆದರು. ಮಾಸ್ತರರು ಕೋಟು ಹಿಡಿದು ನಿಂತರು. ನಗಿ ಎಂದಾಗ ನಗಲು ಬರಲಿಲ್ಲ. ಆ ಗಾಂಭೀರ್ಯವೂ ಚೆನ್ನಾಗಿದೆ ಎಂದು ಮೇಡಂ ಅದನ್ನೇ ಇಟ್ಟುಕೊಂಡರು. ಹೋಗುವಾಗ ಮ್ಯಾನೇಜರರಿಗೆ, ಮಾದರಿಯ ಕೋಟನ್ನು ವರ್ಷವಿಡೀ ನೀವೇ ತೊಟ್ಟು ಓಡಾಡಬೇಕು ಎಂದೂ, ಸೂಜಿ ಮುಟ್ಟಿಸಕೂಡದು ಎಂದೂ ಹೇಳಿ ಹೋದರು. ಮ್ಯಾನೇಜರ್ ತೂತಿನಲ್ಲಿ ಕಿರುಬೆರಳು ತೂರಿಸಿ ನೋಡಿ, ಕೋಟನ್ನು ಸದ್ಯಕ್ಕೆ ಮೇಜಿನ ಮೇಲೇ ಬಿಟ್ಟು ಮೇಲೆ ಹತ್ತಿದರು.

"ಹೆಸರಂತೂ ಬಂತಲ್ಲ ಅಣ್ಣ," ಎಂದಳು ಕಾಜಾ ಅಕ್ಕ, ಮೂರನೆಯ ಸಲ.

ಮಧ್ಯಾಹ್ನದ ಬೆಳಕು ಮೇಲಿನ ಕಿಂಡಿಯಿಂದ ಮೇಜಿನವರೆಗೆ ಬಂದಿತ್ತು. ಮಾಸ್ತರರು ಕೋಟನ್ನು ಎತ್ತಿ ಆ ಬೆಳಕಿಗೆ ಹಿಡಿದರು. ನಾಲ್ಕು ಅಂಚೂ ನೇರ. ಹಾಸು, ಹೊಕ್ಕು ಎಳೆ ಎಣಿಸಿದಂತೆ ಕತ್ತರಿಸಿದ್ದರು. ಒಂದು ನಾರೂ ಎದ್ದಿರಲಿಲ್ಲ, ಒಂದು ಮೂಲೆಯೂ ಜಗ್ಗಿರಲಿಲ್ಲ. ಕೆಟ್ಟದಾಗಿ ಮಾಡಲು ಅವರ ಕೈಗೆ ಬರುತ್ತಲೇ ಇರಲಿಲ್ಲ.

"ಮಾಮ," ಎಂದರು, ಯಾರಿಗೂ ಕೇಳಿಸಬಾರದು ಎಂಬಷ್ಟು ಮೆಲ್ಲಗೆ. "ಇಲ್ಲಿ ಬನ್ನಿ. ಈ ಮೂಲೆ ನೋಡಿ ಒಂದು ಸಲ."