ನಿಂತ ವ್ಯಾನಿನಲ್ಲಿ ಒಂದು ಕ್ಯಾಸೆಟ್

ನಮ್ಮ ಕಡೆ ಬಿಳಿ ಬಣ್ಣದ ವ್ಯಾನೊಂದನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ನೋಡಿ, ಹತ್ತು ನಿಮಿಷದೊಳಗೆ ಯಾರಾದರೂ ಬಂದು ಬಾಗಿಲು ತಟ್ಟುತ್ತಾರೆ. ತಮಗೆ ಏನು ಬೇಕೆಂಬುದು ಅವರಿಗೂ ಗೊತ್ತಿರುವುದಿಲ್ಲ. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ ಕೇಳಲು ನಾನೂ ನನ್ನ ಗೆಳೆಯನೂ ನಾಲ್ಕು ಊರು ಸುತ್ತಬೇಕಾಗಿ ಬಂದದ್ದು ಇದರಿಂದಲೇ.

ಗೆಳೆಯನದು ಅಜ್ಜಂಪುರ. ಬೋರ್‌ವೆಲ್ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದ, ಈಗ ಮಗ ನೋಡಿಕೊಳ್ಳುತ್ತಾನೆ. ಕೈಯಲ್ಲಿ ಕೆಲಸವಿಲ್ಲದ ಮೆಕ್ಯಾನಿಕ್ ಸುಮ್ಮನಿರುವುದಿಲ್ಲ. ಹಳೆಯ ಆಂಬ್ಯುಲೆನ್ಸ್ ಒಂದನ್ನು ಹರಾಜಿನಲ್ಲಿ ಹಿಡಿದು, ಒಳಗೆ ಮಂಚ, ಗ್ಯಾಸ್ ಒಲೆ, ಕೈ ತೊಳೆಯುವ ತೊಟ್ಟಿ, ಕಿಟಕಿಗೆ ಹೂವಿನ ಪರದೆ, ಎಲ್ಲ ಕೂರಿಸಿ ಕ್ಯಾಂಪರ್ ವ್ಯಾನ್ ಎಂದು ಕರೆದ. ಬಣ್ಣ ಮಾತ್ರ ಬಿಳಿಯಾಗಿಯೇ ಉಳಿಯಿತು. ಅವನ ಹೆಂಡತಿ ಒಮ್ಮೆ ಸುತ್ತು ಹಾಕಿ ನೋಡಿ, “ಇರೋ ಮನೆ ಗುಡಿಸೋಕೇ ಆಗ್ತಿಲ್ಲ, ಇನ್ನೊಂದಕ್ಕೆ ಗಾಲಿ ಹಾಕಿಸ್ಕೊಂಡು ಬಂದವ್ರೆ” ಎಂದು ಒಳಗೆ ಹೋದರು. ಆಮೇಲೆ ಅದರ ಮೆಟ್ಟಿಲು ತುಳಿಯಲಿಲ್ಲ.

ಆ ವ್ಯಾನಿನಲ್ಲಿ ಅವನು ತಾನೇ ರಿಪೇರಿ ಮಾಡಿ ಕೂರಿಸಿದ ಕ್ಯಾಸೆಟ್ ಪ್ಲೇಯರ್ ಇತ್ತು. ನಮ್ಮ ಪರಿಚಯದವರ ಪೈಕಿ ಓಡುವಂಥದ್ದು ಅದೊಂದೇ.

ಇನ್ನು ಕ್ಯಾಸೆಟ್ಟಿನ ವಿಷಯ. ನಲವತ್ತು ವರ್ಷದ ಹಿಂದೆ ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ಐದು ಜನ, ಅದರಲ್ಲಿ ವಾದ್ಯ ಬರುತ್ತಿದ್ದದ್ದು ಇಬ್ಬರಿಗೆ. ನಾನು ಬೊಂಗೋ ಬಾರಿಸುತ್ತಿದ್ದೆ, ಆ ಇಬ್ಬರಲ್ಲಿ ಒಬ್ಬನೋ ಅಲ್ಲವೋ ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ಹಾಡುಗಾರ ಈ ಗೆಳೆಯ. ತರೀಕೆರೆಯ ಒಂದು ಮದುವೆಯಲ್ಲಿ ಕೊನೆಯ ಹಾಡಿಗೆ, ಅವನ ತಾಯಿ ರಾಗಿ ಬೀಸುವಾಗ ಹೇಳುತ್ತಿದ್ದ ಪದವೊಂದನ್ನು ಕಣ್ಣು ಮುಚ್ಚಿ ಹಾಡಿದ. ಕಣ್ಣು ಬಿಟ್ಟಾಗ ಚಪ್ಪರದಲ್ಲಿ ಜನವಿರಲಿಲ್ಲ. ಪಕ್ಕದಲ್ಲಿ ನಾನೂ ಇರಲಿಲ್ಲ. ಮೈಕು ಕೆಳಗಿಟ್ಟು ಸೀದಾ ಬಸ್‌ಸ್ಟ್ಯಾಂಡಿಗೆ ಹೋದವನು ಮತ್ತೆ ಎಲ್ಲೂ ಹಾಡಲಿಲ್ಲ. ಮಾರನೆಯ ದಿನ ಕೇಳಿದ್ದಕ್ಕೆ ನಾನು ಹೇಳಿದ್ದೆ: “ನೀನು ಶ್ರುತಿ ಬಿಟ್ಟೆ ಕಣೋ. ಜನ ಎದ್ರು. ನನಗೂ ಕೂರೋಕೆ ಆಗ್ಲಿಲ್ಲ.”

ಈಗ ಆ ಮದುವೆಮನೆಯವರು ಹಳೆಯ ಮನೆ ಕೆಡವುವಾಗ ಅಟ್ಟದಲ್ಲಿ ಒಂದು ಕ್ಯಾಸೆಟ್ ಸಿಕ್ಕಿತೆಂದು ತಂದುಕೊಟ್ಟರು. ಮದುಮಗಳ ಸೋದರಮಾವ ಅವತ್ತು ಎಲ್ಲವನ್ನೂ ರೆಕಾರ್ಡ್ ಮಾಡಿದ್ದನಂತೆ. ಅದೇ ಹೊತ್ತಿಗೆ ಗೆಳೆಯನ ಮಗಳು ಬಾಣಂತನಕ್ಕೆ ಬಂದಿದ್ದಳು. ಬರುವ ಭಾನುವಾರ ತೊಟ್ಟಿಲು ಶಾಸ್ತ್ರ. “ಅಪ್ಪಾ, ನೀನು ಹಾಡ್ತಿದ್ಯಂತಲ್ಲ, ಜೋಗುಳ ನೀನೇ ಹೇಳ್ಬೇಕು” ಎಂದು ಕೂತಿದ್ದಳು.

“ಟೇಪ್ ಕೇಳಿ ತೀರ್ಮಾನ ಮಾಡ್ತೀನಿ” ಎಂದ ನನ್ನ ಹತ್ತಿರ. “ನೀನು ಹೇಳ್ದಂಗೇ ಇದ್ರೆ ಬಾಯಿ ತೆಗೆಯಲ್ಲ. ಮನೇಲಿ ಬೇಡ, ಎಲ್ರೂ ಕೇಳ್ತಾರೆ.”

ಸೀದಾ ಕೊನೆಯ ಹಾಡಿಗೆ ಓಡಿಸು ಎಂದೆ. ಹಳೇ ಟೇಪು, ಓಡಿಸಿದರೆ ಹರಿಯುತ್ತದೆ ಎಂದ. ಮೂವತ್ತು ವರ್ಷ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿದವನು ನಾನು, ಸುಳ್ಳು ಕಾರಣ ಕೇಳಿದರೆ ಗೊತ್ತಾಗುತ್ತದೆ. ಅವನಿಗಿದ್ದದ್ದು ಭಯ.

೧. ಕಡೂರಿನ ಸಾಲು

ಮೊದಲ ದಿನ ಕಡೂರಿನಲ್ಲಿ, ತಾಲ್ಲೂಕು ಕಚೇರಿಯಿಂದ ಸ್ವಲ್ಪ ಆಚೆ, ಹೊಂಗೆಮರದ ಕೆಳಗೆ ನಿಲ್ಲಿಸಿದೆವು. ಮೊದಲ ಬದಿಯಲ್ಲಿ ವಾಲಗ ಶುರುವಾಯಿತು. ನಡುವೆ ಯಾರೋ ಕೆಮ್ಮಿದರು. ಗೆಳೆಯ ಆ ಕೆಮ್ಮನ್ನು ಗುರುತಿಸಿ, “ನಮ್ ಹಾರ್ಮೋನಿಯಂನೋನು ಕಣೋ” ಎಂದ. ಹಾರ್ಮೋನಿಯಂನವನು ಹೋಗಿ ಹತ್ತು ವರ್ಷವಾಗಿದೆ. ಗೆಳೆಯ ವಾಲ್ಯೂಮ್ ಸ್ವಲ್ಪ ಏರಿಸಿದ.

ಬಾಗಿಲು ತಟ್ಟಿದ ಸದ್ದು. ತೆಗೆದರೆ ಒಬ್ಬ ಅಜ್ಜಿ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಆಧಾರ್, ರೇಷನ್ ಕಾರ್ಡು, ಎರಡು ಫೋಟೋ.

“ಹೆಬ್ಬೆಟ್ಟು ಎಲ್ಲಿ ಒತ್ತಬೇಕಪ್ಪಾ?”

“ಇದು ಆಫೀಸಲ್ಲ ಕಣಜ್ಜಿ. ಹಾಡು ಕೇಳ್ತಾ ಇದ್ದೀವಿ.”

“ಕೇಳ್ಕಳಿ. ನಾನು ನಿಂತಿರ್ತೀನಿ.”

ಅಜ್ಜಿಯ ಹಿಂದೆ ಇನ್ನೂ ಏಳು ಜನ ಇದ್ದರು. ನಾನು ಇಳಿಯುವಷ್ಟರಲ್ಲಿ ಹದಿನೈದಾಯಿತು. ಕೊನೆಯವನನ್ನು ಯಾತಕ್ಕೆ ನಿಂತಿದ್ದೀರಿ ಎಂದು ಕೇಳಿದೆ. “ಮುಂದಿನವ್ರನ್ನ ಕೇಳಿ ಸಾರ್” ಎಂದ. ಮುಂದಿನವನು ಅದರ ಮುಂದಿನವನನ್ನು ತೋರಿಸಿದ. ಹೀಗೆ ನಡೆದು ನಡೆದು ಮತ್ತೆ ಅಜ್ಜಿಯ ಹತ್ತಿರ ಬಂದೆ. “ಕೊಡೋವಾಗ ಗೊತ್ತಾಗುತ್ತೆ ಬಿಡಪ್ಪಾ” ಎಂದರು.

ಇದು ಖಾಸಗಿ ವಾಹನ, ಸರ್ಕಾರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಐದು ನಿಮಿಷ ವಿವರಿಸಿದೆ. ಎಲ್ಲರೂ ಗಮನವಿಟ್ಟು ಕೇಳಿದರು. ಒಬ್ಬರೂ ಅಲ್ಲಾಡಲಿಲ್ಲ. “ಜೆರಾಕ್ಸ್ ಒಂದು ಸಾಕಾ, ಎರಡು ಬೇಕಾ ಸಾರ್?” ಎಂದು ಒಬ್ಬ ಕೇಳಿದ.

ಗೆಳೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಎರಡೇ ಮಾತು ಹೇಳಿದ: “ಸರ್ವರ್ ಡೌನ್.”

ಅರ್ಧ ನಿಮಿಷದಲ್ಲಿ ರಸ್ತೆ ಖಾಲಿ. ಅಜ್ಜಿ ಹೋಗುವಾಗ ನನ್ನ ಕಡೆ ತಿರುಗಿ, “ಅಷ್ಟೊತ್ತಿಂದ ಭಾಷಣ ಮಾಡೋ ಬದಲು ಅದನ್ನೇ ಹೇಳೋಕೇನಾಗಿತ್ತು?” ಎಂದರು.

೨. ಎಮ್ಮೆದೊಡ್ಡಿಯ ಕೇಳುಗರು

ಜನವೇ ಇಲ್ಲದ ಕಡೆ ಹೋಗೋಣ ಎಂದು ಮಾರನೆಯ ದಿನ ಎಮ್ಮೆದೊಡ್ಡಿ ಕಾವಲಿನ ಅಂಚಿಗೆ ಹೋದೆವು. ಕಣ್ಣು ಹಾಯುವವರೆಗೆ ಹುಲ್ಲು. ಮೊದಲ ಬದಿಯಲ್ಲಿ ಉಳಿದದ್ದು ಮುಗಿದ ಮೇಲೆ ಎರಡನೆಯ ಬದಿ ಹಾಕಿದ. ನಮ್ಮ ಕಾರ್ಯಕ್ರಮ ಇರುವುದು ಅದರಲ್ಲಿಯೇ.

ಇಪ್ಪತ್ತೆರಡು ವರ್ಷದವನ ದನಿ ಬಂತು. ಗೆಳೆಯ ಸ್ಟೀರಿಂಗ್ ನೋಡುತ್ತ ಕೂತ. ನನಗೆ ನೆನಪಿದ್ದದ್ದಕ್ಕಿಂತ ದನಿ ಚೆನ್ನಾಗಿತ್ತು. ಬೊಂಗೋ ಕೆಟ್ಟದಾಗಿತ್ತು. ಎರಡನ್ನೂ ಹೇಳಲಿಲ್ಲ.

ಎರಡನೆಯ ಹಾಡಿನ ಹೊತ್ತಿಗೆ ಕಾವಲಿನ ಹಸುಗಳು ಒಂದೊಂದಾಗಿ ಬಂದವು. ಅಮೃತಮಹಲ್ ತಳಿ, ಹಿಂದಕ್ಕೆ ಬಾಗಿದ ಉದ್ದುದ್ದ ಕೋಡು, ಅಪರಿಚಿತರನ್ನು ಹತ್ತಿರ ಬಿಟ್ಟುಕೊಳ್ಳುವ ಜಾತಿಯಲ್ಲ. ಬಂದು ವ್ಯಾನಿನ ಸುತ್ತ ನಿಂತು ಕಿವಿ ನಿಮಿರಿಸಿದವು. ಮೂರನೆಯ ಹಾಡು ಮುಗಿಯಿತು, ಒಂದೂ ಕದಲಲಿಲ್ಲ.

“ನೋಡಿದ್ಯಾ?” ಎಂದ ಗೆಳೆಯ. ಮುಖ ಅರಳಿತ್ತು. “ಮನುಷ್ಯರು ಎದ್ದು ಹೋದ್ರು. ಇವು ಹೆಂಗೆ ನಿಂತವೆ ನೋಡು.”

“ಹಸು ನಿಂತದ್ದನ್ನ ಸಂಗೀತ ವಿಮರ್ಶೆ ಅಂತ ತಗೋಬೇಡ” ಎಂದೆ.

“ನಿಂಗೆ ಹೊಟ್ಟೆಯುರಿ ಕಣೋ.”

ದನ ಕಾಯುವವನು ಕೋಲು ಹಿಡಿದು ಓಡಿ ಬಂದ. ಗೆಳೆಯ ಅವನಿಗೂ ಹೇಳಿದ, ಹಾಡು ಎಂದರೆ ಇವಕ್ಕೆ ಎಷ್ಟು ಆಸೆ ನೋಡಪ್ಪಾ ಎಂದು.

“ಹಾಡಿಗಲ್ಲ ಸ್ವಾಮಿ” ಎಂದ ಅವನು. “ಹಿಂಡಿ ತರೋ ಗಾಡಿನೂ ಬಿಳೀದು, ಅದ್ರಲ್ಲೂ ಹಿಂಗೇ ಏನೋ ಕಿರುಚ್ತಿರುತ್ತೆ. ನೀವು ಅದನ್ನ ನಿಲ್ಸಿ ಹಿಂಡಿ ಇಳಿಸ್ತೀರಿ ಅಂತ ಕಾಯ್ತಾ ಅವೆ.”

೩. ಅಜ್ಜಂಪುರದ ಪಂಚಾಯ್ತಿ

ಇನ್ನು ಉಳಿದದ್ದು ಒಂದೇ ಹಾಡು. ಶುಕ್ರವಾರ ಅಜ್ಜಂಪುರ ರೈಲ್ವೆ ಸ್ಟೇಷನ್ ಹೊರಗೆ ನಿಲ್ಲಿಸಿ, ಟೀ ಕುಡಿದು ಹಾಕೋಣ ಎಂದ. ಟೀ ಆಯಿತು. ಲೋಟ ತೊಳೆದು ಹಾಕೋಣ ಎಂದ. ಲೋಟ ತೊಳೆದ. ಕನ್ನಡಿಯ ಮೇಲೆ ಟವೆಲು ಒಣಗಹಾಕಿದ. ಮಂಚದ ಹಾಸಿಗೆ ಕೊಡವಿದ. ಇಷ್ಟನ್ನೂ ಊರಿನವರು ರಸ್ತೆಯಿಂದ ನೋಡುತ್ತಿದ್ದರು.

ಅರ್ಧ ಗಂಟೆಯಲ್ಲಿ ಮೂವರು ಹಿರಿಯರು ಬಂದರು. ಮಠದ ಕೆಲಸಕ್ಕೂ ಮನೆ ಜಗಳಕ್ಕೂ ಊರಿನಲ್ಲಿ ಮುಂದಾಗುವವರು ಅವರೇ. ಚಪ್ಪಲಿ ಬಿಟ್ಟು ವ್ಯಾನು ಹತ್ತಿ ಮಂಚದ ಮೇಲೆ ಸಾಲಾಗಿ ಕೂತರು.

“ಏನಪ್ಪಾ, ಸೊಸೆ ಏನಾದ್ರೂ ಅಂದ್ಲಾ?” ಎಂದರು ಮೊದಲನೆಯವರು.

“ಇಲ್ಲ ಕಣಣ್ಣ.”

“ಹಂಗಾದ್ರೆ ಮಗ.”

“ಯಾರೂ ಏನೂ ಅಂದಿಲ್ಲ. ಹಾಡು ಕೇಳೋಕೆ ಬಂದು ಕೂತಿದ್ದೀನಿ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಮನೆ ಮರ್ಯಾದೆ ಬಿಟ್ಟುಕೊಡ್ತಿಲ್ಲ, ದೊಡ್ಡ ಮನುಷ್ಯ” ಎಂದರು ಎರಡನೆಯವರು, ನನ್ನ ಕಡೆ ನೋಡಿ. ನಾನು ಅಲ್ಲವೆಂದೆ. ನಿಜವಾದ ಸ್ನೇಹಿತ ಅಂದರೆ ಹೀಗಿರಬೇಕು ಎಂದು ನನ್ನನ್ನೂ ಹೊಗಳಿದರು.

ಮುಂದಿನ ಒಂದು ಗಂಟೆ ತಾಳ್ಮೆಯ ಬಗ್ಗೆ ಮಾತಾಯಿತು. ಖಾತೆ ಮಗನ ಹೆಸರಿಗೆ ಮೊದಲೇ ಮಾಡಿದ್ದು ತಪ್ಪು ಎಂದು ಒಬ್ಬರು, ಮಾಡದೆ ಇಟ್ಟುಕೊಂಡದ್ದೇ ತಪ್ಪು ಎಂದು ಇನ್ನೊಬ್ಬರು. ಖಾತೆ ಯಾರ ಹೆಸರಿನಲ್ಲಿದೆ ಎಂದು ಇಬ್ಬರೂ ಕೇಳಲಿಲ್ಲ. ಕೊನೆಗೆ ಅವನನ್ನು ಎಬ್ಬಿಸಿ, ವ್ಯಾನಿನ ಹಿಂದೆಯೇ ನಡೆದು ಮನೆಯವರೆಗೂ ಬಿಟ್ಟು, ಸೊಸೆಗೆ ನಾಲ್ಕು ಬುದ್ಧಿ ಮಾತು ಹೇಳಿದರು. ಆ ಹುಡುಗಿಗೆ ಏನೆಂದು ಅರ್ಥವಾಗದೆ ಎಲ್ಲರಿಗೂ ಕಾಫಿ ಕೊಟ್ಟಳು. ಅದನ್ನು ಅವರು ಪಶ್ಚಾತ್ತಾಪ ಎಂದು ತಿಳಿದರು.

ಮೂರನೆಯ ಹಿರಿಯರು ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಇಬ್ಬರೂ ಮುಂದೆ ಹೋಗುವುದನ್ನು ಕಾದು, ಗೆಳೆಯನ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಆ ಮಂಚದ ಎದುರುಗಡೆ ಇನ್ನೊಂದು ಮಂಚ ಹಾಕಿಸ್ಬಹುದಾ?”

೪. ತರೀಕೆರೆ, ಕೊನೆಯ ಹಾಡು

ಶನಿವಾರ. ಮಾರನೆಯ ದಿನ ತೊಟ್ಟಿಲು. ಬೆಳಿಗ್ಗೆ ಫೋನ್ ಮಾಡಿ, “ಬಾ, ಅಪರಾಧ ನಡೆದ ಜಾಗದಲ್ಲೇ ವಿಚಾರಣೆ ಆಗಿಹೋಗ್ಲಿ” ಎಂದ.

ಮದುವೆಮನೆ ಇದ್ದ ಕಡೆ ಈಗ ಖಾಲಿ ನಿವೇಶನ, ಜಲ್ಲಿ ರಾಶಿ. ಚಪ್ಪರ ಹಾಕಿದ್ದ ಬೀದಿ ಮಾತ್ರ ಅಷ್ಟೇ ಅಗಲ ಇದೆ. ಎದುರಿಗೆ ವ್ಯಾನು ನಿಲ್ಲಿಸಿ, ಗಾಜು ಏರಿಸಿ, ಪರದೆ ಎಳೆದ. ಬಾಗಿಲಿಗೆ ಒಂದು ರಟ್ಟು ತೂಗು ಹಾಕಿದ್ದ: ‘ಸರ್ವರ್ ಡೌನ್’. ಯಾರೂ ಬರಲಿಲ್ಲ.

“ಹಾಕ್ಲಾ?” ಎಂದ.

“ಹಾಕು.”

“ನೀನು ಹೇಳಿದ್ದು ನಿಜ ಇದ್ರೂ ಪರವಾಗಿಲ್ಲ. ಗೊತ್ತಾಗ್ಬೇಕು ಅಷ್ಟೇ.” ಬೆರಳು ತಪ್ಪು ಬಟನ್ ಒತ್ತಿ ಕ್ಯಾಸೆಟ್ಟು ಹೊರಗೆ ಬಂತು, ಮತ್ತೆ ಒಳಗೆ ತಳ್ಳಿದ. ಸಾವಿರಾರು ಮೋಟಾರು ಬಿಚ್ಚಿ ಕಟ್ಟಿದ ಬೆರಳು.

ಹಾರ್ಮೋನಿಯಂ ಬಂತು. ಪದ ಎತ್ತಿಕೊಂಡ. ಅವನ ತಾಯಿಯ ಕಲ್ಲು ಬೀಸುವ ಲಯ ಹಾಗೇ ಇತ್ತು. ಆ ಲಯಕ್ಕೂ ನನ್ನ ಬೊಂಗೋಗೂ ಸಂಬಂಧವಿರಲಿಲ್ಲ. ಪಲ್ಲವಿ ಮುಗಿಯಿತು. ಮೊದಲ ಚರಣದ ನಡುವೆ, ಟೇಪಿನಲ್ಲಿ, ತೀರ ಹತ್ತಿರದಿಂದ, ಯಾರೋ ಒಬ್ಬರು ಗಟ್ಟಿಯಾಗಿ ಹೇಳಿದರು:

“ಎಲೆ ಹಾಕೈತೆ, ಏಳ್ರಪ್ಪಾ, ಮೊದಲ್ನೇ ಪಂಕ್ತಿ.”

ಸೋದರಮಾವ ರೆಕಾರ್ಡರನ್ನು ವೇದಿಕೆಯ ಹತ್ತಿರ ಇಟ್ಟಿರಲಿಲ್ಲ. ಪ್ಲಗ್ ಪಾಯಿಂಟ್ ಇದ್ದದ್ದು ಊಟದ ಮನೆಯ ಬಾಗಿಲಲ್ಲಿ.

ಕುರ್ಚಿ ಎಳೆದಾಡಿದರು. ಇಡೀ ಚಪ್ಪರ ಎದ್ದು ಬಂದ ಸದ್ದು. ತಂಬಿಗೆ, ಬಕೆಟ್ಟು, ಮಕ್ಕಳ ಅಳು. ಹಾರ್ಮೋನಿಯಂ ನಿಂತಿತು. ಸ್ವಲ್ಪ ಹೊತ್ತಿಗೆ ಬೊಂಗೋ ನಿಂತಿತು. ಆಮೇಲೆ ಬಾಗಿಲ ಬಳಿ ಒಂದು ದನಿ, ಸ್ಪಷ್ಟವಾಗಿ:

“ಸ್ವಲ್ಪ ಸರೀರಿ, ಜಾಗ ಬಿಡಿ. ಎರಡ್ನೇ ಪಂಕ್ತಿಗೆ ಹೋಳಿಗೆ ಉಳಿಯಲ್ಲ.”

“ಅಲ್ಲಿ ಇನ್ನೂ ಹಾಡ್ತಾವ್ರಲ್ಲ?” ಎಂದು ಯಾರೋ ಕೇಳಿದರು.

“ಅವನು ಹಾಡ್ತಿರ್ತಾನೆ. ನೀವು ಕೂತ್ಕೊಳ್ರೀ.”

ಆ ದನಿ ಯಾರದೆಂದು ಬೇರೆ ಹೇಳಬೇಕಾಗಿಲ್ಲ. ಶ್ರುತಿ ಬಿಟ್ಟನೆಂಬುದನ್ನು ನಾನು ಮಾರನೆಯ ದಿನ ತೋಚಿದಂತೆ ಹೇಳಿದ್ದೆ, ಆಮೇಲೆ ಹೇಳಿ ಹೇಳಿ ನಾನೇ ನಂಬಿದ್ದೆ. ಆಧಾರವಿಲ್ಲದೆ ಏನನ್ನೂ ಒಪ್ಪಬೇಡಿ ಎಂದು ವರ್ಷವರ್ಷವೂ ಹುಡುಗರಿಗೆ ಹೇಳುತ್ತಿದ್ದವನು.

ಟೇಪ್ ಓಡುತ್ತಲೇ ಇತ್ತು. ಸಾರು ಕೇಳುವವರು, ಉಪ್ಪು ಕೇಳುವವರು, ಅವರೆಲ್ಲರ ಹಿಂದೆ, ದೂರದಲ್ಲಿ, ವಾದ್ಯವಿಲ್ಲದೆ ಒಬ್ಬನೇ ಹಾಡುತ್ತಿದ್ದ. ಇನ್ನೂ ಮೂರು ಚರಣ. ಕೇಳುವವರು ಒಬ್ಬರಿಲ್ಲ, ಜೊತೆಗೆ ನುಡಿಸುವವರಿಲ್ಲ, ಶ್ರುತಿ ಕೂದಲೆಳೆಯಷ್ಟೂ ಕದಲಲಿಲ್ಲ. ಕೊನೆಯ ಸಾಲನ್ನು ಎರಡು ಸಲ ಹೇಳಿ ನಿಲ್ಲಿಸಿದ. ಒಂದು ಕ್ಷಣ ವೇದಿಕೆಯ ಕಡೆಯಿಂದ ಏನೂ ಇಲ್ಲ. ಅದು ಅವನು ಕಣ್ಣು ಬಿಟ್ಟ ಕ್ಷಣ ಇರಬೇಕು. ಪ್ಲೇಯರ್ ಟಕ್ ಎಂದು ನಿಂತಿತು.

ಅವನು ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ.

“ಹೋಳಿಗೆ ಎಷ್ಟು ತಿಂದೆ?” ಎಂದ.

“ಮೂರು.”

“ಚೆನ್ನಾಗಿತ್ತಾ?”

ಈ ವಯಸ್ಸಿನಲ್ಲಿ ಇನ್ನೊಂದು ಸುಳ್ಳು ಬೇಡ ಎನಿಸಿತು. “ಬಹಳ ಚೆನ್ನಾಗಿತ್ತು” ಎಂದೆ.

ಅವನು ತಲೆಯಾಡಿಸಿದ. ಜೇಬಿನಿಂದ ಫೋನು ತೆಗೆದು ಮಗಳಿಗೆ ಮಾಡಿದ.

“ಮಗಾ, ನಾಳೆ ಜೋಗುಳ ನಾನೇ ಹೇಳ್ತೀನಿ. ಆದ್ರೆ ಅಡಿಗೆಯವ್ರಿಗೆ ಈಗ್ಲೇ ಹೇಳಿಬಿಡು, ಮೇಷ್ಟ್ರು ಬಂದ ತಕ್ಷಣ ಅವ್ರೊಬ್ಬರಿಗೆ ಎಲೆ ಹಾಕಿ ಊಟ ಮುಗಿಸಿಬಿಡ್ಲಿ. ಆಮೇಲೇ ನಾನು ಶುರು ಮಾಡೋದು.”